ಎಂಟು ಪುಟದ ಶಾಲಾ ಪತ್ರಿಕೆ ಹಿಡಿದು ಡಿಟಿಪಿ ಕಲಿಯುವುದು

ಹೈಸ್ಕೂಲಿನ ಲ್ಯಾಬಿನಲ್ಲಿ ಚೆಂದ ಕಂಡ ಪುಟವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹಾಸನದ ಬಿ.ಎಂ. ರಸ್ತೆಯ ಯಾವುದಾದರೂ ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಸಿದ್ಧಪಡಿಸುವ) ಅಂಗಡಿಯಲ್ಲಿ ತೆರೆಸಿ ನೋಡಿ. ಎಂಟು ಪುಟ ಒಂಬತ್ತಾಗಿರುತ್ತದೆ, ಶೀರ್ಷಿಕೆಯ ಜಾಗದಲ್ಲಿ ಪೌಂಡ್ ಚಿಹ್ನೆ ಮತ್ತು ತಲೆಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಕೂತಿರುತ್ತವೆ, ಫೋಟೊ ಒಂದು ಕಡೆ, ಅದರ ಅಡಿಬರಹ ಇನ್ನೊಂದು ಕಡೆ. ಅಂಗಡಿಯವರು ಕೇಳುವ ಮೊದಲ ಪ್ರಶ್ನೆ: "ಫಾಂಟ್ ತಂದಿದ್ದೀರಾ?" ಎರಡನೆಯದು: "ಪಿಡಿಎಫ್ ಮಾಡಿಲ್ವಾ?"

ಈ ಎರಡೂ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆಯೇ ಡಿಟಿಪಿ ಸರ್ಟಿಫಿಕೇಟು ಪಡೆದವರು ಬೇಕಾದಷ್ಟು ಜನ ಇದ್ದಾರೆ. ಕಾರಣ, ನಮ್ಮಲ್ಲಿ ಡಿಟಿಪಿ ಕಲಿಸುವುದು ಮೆನು ಹಿಡಿದು: ಇವತ್ತು ಫೈಲ್ ಮೆನು, ನಾಳೆ ಎಡಿಟ್ ಮೆನು. ಹಾಗೆ ಕಲಿತದ್ದು ತಂತ್ರಾಂಶದ ಆವೃತ್ತಿ ಬದಲಾದ ದಿನ ಮರೆತುಹೋಗುತ್ತದೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಉಲ್ಟಾ ದಿಕ್ಕಿನಿಂದ ಕಲಿಸುವುದು ಒಳ್ಳೆಯದು. ಕೊನೆಗೆ ಕೈಗೆ ಬರಬೇಕಾದ ಅಚ್ಚಾದ ಕಾಗದವನ್ನು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಬರುವುದು. ಎ4 ಅಳತೆಯ ಎಂಟು ಪುಟದ ಒಂದು ಶಾಲಾ ಪತ್ರಿಕೆ ಇದಕ್ಕೆ ಸರಿಯಾದ ಗಾತ್ರ. ಅಕ್ಷರ, ಚಿತ್ರ, ಬಣ್ಣ, ಮಡಿಕೆ, ಮುದ್ರಣ ಎಲ್ಲವೂ ಅದರೊಳಗೆ ಬರುತ್ತವೆ, ವಾರಕ್ಕೆ ಎರಡು ಪೀರಿಯಡ್ ಸಿಕ್ಕರೂ ಒಂದು ಸೆಮಿಸ್ಟರಿನೊಳಗೆ ಮುಗಿಯುತ್ತದೆ.

ಮೊದಲು ಕಾಗದ ಮಡಚಿ

ಎರಡು ಎ4 ಹಾಳೆ ಒಂದರ ಮೇಲೊಂದಿಟ್ಟು ಅಗಲಕ್ಕೆ ಮಧ್ಯ ಮಡಚಿ. ಎಂಟು ಪುಟದ ಪುಟ್ಟ ಪುಸ್ತಕವಾಯಿತು. ಪೆನ್ಸಿಲಿನಲ್ಲಿ 1ರಿಂದ 8ರವರೆಗೆ ಪುಟಸಂಖ್ಯೆ ಬರೆದು ಹಾಳೆಗಳನ್ನು ಬಿಡಿಸಿ. ಹೊರಗಿನ ಹಾಳೆಯ ಒಂದು ಮುಖದಲ್ಲಿ 8 ಮತ್ತು 1, ಅದರ ಹಿಂದೆ 2 ಮತ್ತು 7 ಇರುತ್ತವೆ. ಒಳಗಿನ ಹಾಳೆಯಲ್ಲಿ 6 ಮತ್ತು 3, ಹಿಂದೆ 4 ಮತ್ತು 5. ಪ್ರತಿ ಜೋಡಿ ಕೂಡಿಸಿದರೆ 9, ಅಂದರೆ ಒಟ್ಟು ಪುಟಕ್ಕಿಂತ ಒಂದು ಹೆಚ್ಚು. ಹದಿನಾರು ಪುಟದ ಪತ್ರಿಕೆಯಾದರೆ ಜೋಡಿಯ ಮೊತ್ತ 17. ಪ್ರೆಸ್ಸಿನವರು ಈ ಮಡಚಿದ ಮಾದರಿಗೆ ಡಮ್ಮಿ ಎನ್ನುತ್ತಾರೆ. ಅನುಭವಸ್ಥರೂ ಡಮ್ಮಿ ಮಾಡದೆ ಕೆಲಸ ಶುರುಮಾಡುವುದಿಲ್ಲ.

ಈ ಮಡಚಿದ ಕಾಗದದಿಂದ ಮೂರು ವಿಷಯ ತಾನಾಗಿ ಅರ್ಥವಾಗುತ್ತವೆ. ಒಂದು, ಮಧ್ಯಕ್ಕೆ ಪಿನ್ ಹೊಡೆಯುವ ಪತ್ರಿಕೆಯ ಪುಟಗಳು ಯಾವಾಗಲೂ ನಾಲ್ಕರ ಲೆಕ್ಕದಲ್ಲೇ ಇರಬೇಕು. "ಸಾರ್, ಇನ್ನೊಂದೇ ಪುಟ ಸೇರಿಸೋಣ" ಎಂದರೆ ಆಗದು, ನಾಲ್ಕು ಪುಟ ಸೇರಿಸಬೇಕು. ಎರಡು, ಎದುರುಬದುರು ಪುಟಗಳಿಗೆ ಹರಡುವ ದೊಡ್ಡ ಚಿತ್ರವನ್ನು 4–5ನೇ ಪುಟದಲ್ಲಿ ಮಾತ್ರ ನಿಶ್ಚಿಂತೆಯಿಂದ ಇಡಬಹುದು. ಅವೆರಡೂ ಒಂದೇ ಹಾಳೆಯ ಒಂದೇ ಮುಖ. ಓದುವಾಗ 2 ಮತ್ತು 3 ಅಕ್ಕಪಕ್ಕ ಕಂಡರೂ ಅಚ್ಚಾಗುವುದು ಬೇರೆ ಬೇರೆ ಹಾಳೆಯಲ್ಲಿ; ಅಲ್ಲಿ ಹಳೇಬೀಡಿನ ದೇವಸ್ಥಾನದ ಉದ್ದ ಫೋಟೊ ಹಾಕಿದರೆ ಮಡಿಕೆಯ ಬಳಿ ಸಾಲುಶಿಲ್ಪಗಳು ಒಂದೆರಡು ಮಿಲಿಮೀಟರು ಮೇಲೆಕೆಳಗಾಗಿ ಎದ್ದು ಕಾಣುತ್ತವೆ. ಮೂರು, ಕಂಪ್ಯೂಟರಿನಲ್ಲಿ ಪುಟಗಳನ್ನು ನೀವೇ 8, 1, 2, 7 ಎಂದು ಜೋಡಿಸಬಾರದು. ಓದುವ ಕ್ರಮದಲ್ಲೇ 1ರಿಂದ 8 ಕೊಡಿ. ಜೋಡಿಸುವ ಕೆಲಸ ಪ್ರೆಸ್ಸಿನದು.

ಶಾಲೆಯ ಲೇಸರ್ ಪ್ರಿಂಟರಿನಲ್ಲೇ ಕರಡು ತೆಗೆಯುವುದಾದರೆ ಪಿಡಿಎಫ್ ರೀಡರಿನ ಬುಕ್‌ಲೆಟ್ ಆಯ್ಕೆ ಸಾಕು. ಎ4 ಪುಟ ಸುಮಾರು 70 ಶೇಕಡಾಕ್ಕೆ ಕುಗ್ಗಿ ಎ5 ಆಗುತ್ತದೆ, ಎರಡೇ ಹಾಳೆಯಲ್ಲಿ ಪೂರ್ತಿ ಪತ್ರಿಕೆ ಬರುತ್ತದೆ. ಎರಡೂ ಬದಿ ಮುದ್ರಿಸುವಾಗ ಹಾಳೆಯನ್ನು ಗಿಡ್ಡ ಅಂಚಿನ ಕಡೆ ತಿರುಗಿಸುವ ಆಯ್ಕೆ ಹಾಕಿ. ಉದ್ದ ಅಂಚು ಆರಿಸಿದರೆ ಹಿಂಬದಿಯ ಪುಟಗಳೆಲ್ಲ ತಲೆಕೆಳಗು.

ಯಾವ ತಂತ್ರಾಂಶ

ಇದರ ಬಗ್ಗೆ ನಡೆಯುವ ಚರ್ಚೆ ಅದರ ಯೋಗ್ಯತೆಗಿಂತ ಉದ್ದ. ಜಿಲ್ಲೆಯ ಹಲವು ಅಂಗಡಿಗಳಲ್ಲಿ ಇವತ್ತಿಗೂ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ 7 ಓಡುತ್ತಿದೆ. ಅದು 2001ರದ್ದು, ಅದರ ನಂತರ ಹೊಸ ಆವೃತ್ತಿ ಬರಲೇ ಇಲ್ಲ, ಎಲ್ಲ ಭಾಷೆಯ ಅಕ್ಷರಕ್ಕೂ ಸ್ಥಿರ ಸಂಖ್ಯೆ ಕೊಡುವ ಯುನಿಕೋಡ್ ಅದಕ್ಕೆ ಗೊತ್ತಿಲ್ಲ. ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರು ಅದನ್ನು ಹದಿನೈದು ದಿನದಲ್ಲಿ ಕಲಿತುಕೊಳ್ಳಬಹುದು. ಶಾಲೆಯಲ್ಲಿ ಅದರಿಂದ ಶುರುಮಾಡುವುದು ದಂಡ. ಇನ್‌ಡಿಸೈನ್ ಒಳ್ಳೆಯದು, ಆದರೆ ಪ್ರತಿ ಕಂಪ್ಯೂಟರಿಗೂ ಚಂದಾ ಕಟ್ಟಬೇಕು. ಅದರಲ್ಲಿ ಒತ್ತಕ್ಷರ ಒಡೆದು ಕಂಡರೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಕ್ಯಾನ್ವಾ ಒಂದು ಪೋಸ್ಟರಿಗೋ ಆಹ್ವಾನ ಪತ್ರಿಕೆಗೋ ಸಾಕು. ಒಂದು ಲೇಖನವನ್ನು ಮೂರನೇ ಪುಟದಿಂದ ಆರನೇ ಪುಟಕ್ಕೆ ಹರಿಸುವ ವಿದ್ಯೆ ಅದರಿಂದ ಬರುವುದಿಲ್ಲ.

ಶಾಲೆಗೆ ನಮ್ಮ ಆಯ್ಕೆ ಉಚಿತವಾಗಿ ಸಿಗುವ ಮೂರು: ಪುಟ ಕಟ್ಟಲು ಸ್ಕ್ರೈಬಸ್, ಗೆರೆಚಿತ್ರ ಮತ್ತು ಶೀರ್ಷಿಕೆಯ ಅಕ್ಷರಕ್ಕೆ ಇಂಕ್‌ಸ್ಕೇಪ್, ಫೋಟೊ ತಿದ್ದಲು ಗಿಂಪ್. ಸ್ಕ್ರೈಬಸ್ ಮಾತ್ರ 1.6 ಅಥವಾ ಅದಕ್ಕಿಂತ ಹೊಸದೇ ಆಗಬೇಕು. ಹಳೆಯ 1.4 ಲ್ಯಾಬಿನಲ್ಲಿ ಉಳಿದಿದ್ದರೆ ಒತ್ತು, ಕೊಂಬು, ದೀರ್ಘ ಎಲ್ಲ ಬಿಡಿಬಿಡಿಯಾಗಿ ಕಂಡು, ಮಕ್ಕಳು ತಮ್ಮದೇ ತಪ್ಪು ಎಂದುಕೊಂಡು ಒಂದು ವಾರ ಕಳೆಯುತ್ತಾರೆ.

ಕನ್ನಡ ಅಕ್ಷರ ಕೆಡುವುದು ಯಾಕೆ

ಕನ್ನಡದಲ್ಲಿ ಡಿಟಿಪಿ ಕಲಿಯುವವರಿಗೆ ಅತಿ ಹೆಚ್ಚು ತೊಡಕು ಇರುವುದು ಇಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. "ನುಡಿಯಲ್ಲಿ ಟೈಪ್ ಮಾಡಿದ್ದೇನೆ" (ನುಡಿ ಎಂದರೆ ಕನ್ನಡ ಟೈಪಿಂಗ್ ತಂತ್ರಾಂಶ) ಎಂಬ ಒಂದು ಮಾತಿನೊಳಗೆ ಮೂರು ಬೇರೆ ಸಂಗತಿಗಳು ಕಲಸಿಹೋಗಿವೆ. ಯಾವ ಕೀ ಒತ್ತಿದರೆ ಯಾವ ಅಕ್ಷರ ಎಂಬುದು ಕೀಲಿಮಣೆ ವಿನ್ಯಾಸ, ಕೆ.ಪಿ. ರಾವ್ ಅವರ ವಿನ್ಯಾಸವೇ ಇದಕ್ಕೆ ಆಧಾರ. ಅಕ್ಷರ ಹೇಗೆ ಕಾಣುತ್ತದೆ ಎಂಬುದು ಫಾಂಟು. ಒತ್ತಿದ ಅಕ್ಷರ ಕಂಪ್ಯೂಟರಿನೊಳಗೆ ಯಾವ ಸಂಖ್ಯೆಯಾಗಿ ಉಳಿಯುತ್ತದೆ ಎಂಬುದು ಸಂಕೇತ ವ್ಯವಸ್ಥೆ. ಕೆಡುವುದು ಮೂರನೆಯದು.

ಹಳೆಯ ನುಡಿ ಫಾಂಟುಗಳಲ್ಲಿ (ಆನ್ಸಿ ಎಂದು ಅಂಗಡಿಯಲ್ಲಿ ಕರೆಯುವುದು ಇವನ್ನೇ) ಕನ್ನಡ ಅಕ್ಷರಕ್ಕೆ ಸ್ವಂತ ಜಾಗವೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಚಿತ್ರದಂತೆ ಬರೆದಿಟ್ಟಿದ್ದಾರೆ. "ಕನ್ನಡ" ಎಂಬ ಪದವನ್ನೇ ಬಿಡಿಸಿ ನೋಡಿ. ಕ-ದ ದೇಹ ಇರುವುದು ದೊಡ್ಡ ಪಿ ಜಾಗದಲ್ಲಿ, ಅದರ ತಲೆಕಟ್ಟು ಗೀಟುಳ್ಳ ಎ ಜಾಗದಲ್ಲಿ, ನ-ದ ದೇಹ ಪೌಂಡ್ ಚಿಹ್ನೆಯಲ್ಲಿ, ಮತ್ತೆ ತಲೆಕಟ್ಟಿನ ಎ, ನ-ದ ಒತ್ತು ಜರ್ಮನ್ ಭಾಷೆಯ ಒಂದು ಅಕ್ಷರದಲ್ಲಿ, ಡ-ದ ದೇಹ ಚಿಕ್ಕ ಕ್ಯೂನಲ್ಲಿ, ಕೊನೆಗೆ ಇನ್ನೊಂದು ತಲೆಕಟ್ಟು. ಒಟ್ಟು 7 ಸಂಕೇತ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಏಳು ಪರದೇಶಿ ಅಕ್ಷರಗಳು ಮುಖ ತೋರಿಸುತ್ತವೆ. ಅಂಗಡಿಯವರು ಫಾಂಟ್ ಕೇಳುವುದು ಇದಕ್ಕೇ.

ಯುನಿಕೋಡಿನಲ್ಲಿ ಅದೇ ಪದ 5 ಸಂಕೇತ: ಕ, ನ, ಹಲಂತ, ನ, ಡ. ಪ್ರತಿಯೊಂದಕ್ಕೂ ಕನ್ನಡದ್ದೇ ಸ್ಥಿರ ಸಂಖ್ಯೆ ಇದೆ. ನ-ದ ಕೆಳಗೆ ಇನ್ನೊಂದು ನ ಒತ್ತಾಗಿ ಕೂರಬೇಕು ಎಂಬುದನ್ನು ಫಾಂಟಿನೊಳಗಿನ ನಿಯಮಗಳು ನೋಡಿಕೊಳ್ಳುತ್ತವೆ. ಫಾಂಟು ಬದಲಾದರೆ ಅಕ್ಷರದ ರೂಪ ಬದಲಾಗಬಹುದು, ಪದ ಕೆಡುವುದಿಲ್ಲ. ಹುಡುಕಿದರೆ ಸಿಗುತ್ತದೆ, ಫೋನಿನಲ್ಲಿ ಓದಬಹುದು, ಮುಂದಿನ ವರ್ಷವೂ ತೆರೆಯುತ್ತದೆ.

ಆನ್ಸಿಯ ತುಂಡು ಅಕ್ಷರಗಳ ಇನ್ನೊಂದು ಪರಿಣಾಮ ನೋಡಬೇಕಾದರೆ ಹಾಸನದ ಎನ್.ಆರ್. ಸರ್ಕಲ್ಲಿನಲ್ಲೋ ಚಿಕ್ಕಮಗಳೂರಿನ ಹನುಮಂತಪ್ಪ ಸರ್ಕಲ್ಲಿನಲ್ಲೋ ನಿಂತು ಬ್ಯಾನರುಗಳ ದೊಡ್ಡ ಅಕ್ಷರ ಗಮನಿಸಿ. ಹೆಸರಿನ ಅಕ್ಷರಕ್ಕೆ ಬಿಳಿ ಅಂಚು ಕೊಟ್ಟಿರುವ ಕಡೆ, ತಲೆಕಟ್ಟು ದೇಹಕ್ಕೆ ಸೇರುವ ಜಾಗದಲ್ಲಿ ಆ ಬಿಳಿ ಗೆರೆ ಅಕ್ಷರದೊಳಕ್ಕೇ ನುಗ್ಗಿರುತ್ತದೆ. ಎರಡೂ ಬೇರೆ ಬೇರೆ ತುಂಡು, ಎರಡಕ್ಕೂ ಬೇರೆ ಬೇರೆ ಅಂಚು ಬಂದಿದೆ. ಕೋರಲ್‌ಡ್ರಾದಲ್ಲಿ ವೆಲ್ಡ್ ಮಾಡಿ ತುಂಡುಗಳನ್ನು ಬೆಸೆದಿದ್ದರೆ ಹೀಗಾಗುತ್ತಿರಲಿಲ್ಲ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದಾಗ ಒತ್ತು ತನ್ನ ಅಕ್ಷರ ಬಿಟ್ಟು ಪಕ್ಕಕ್ಕೆ ಸರಿಯುವುದೂ ಇದೇ ಕಾರಣಕ್ಕೆ.

ಆದ್ದರಿಂದ ತರಗತಿಗೆ ನಿಯಮ ಒಂದೇ: ಟೈಪಿಂಗ್ ಎಲ್ಲ ಯುನಿಕೋಡಿನಲ್ಲಿ. ಹತ್ತು ಕಂಪ್ಯೂಟರಿಗೆ ನಲವತ್ತು ಮಕ್ಕಳಿದ್ದರೆ ಟೈಪಿಂಗಿಗೆ ಲ್ಯಾಬನ್ನೇ ಕಾಯಬೇಕಿಲ್ಲ. ಮನೆಯವರ ಫೋನಿನಲ್ಲಿ ಬರೆದು ಸಾದಾ ಮೆಸೇಜಾಗಿ ಕಳಿಸಿದರೂ ಅದು ಯುನಿಕೋಡೇ. ಎಮೋಜಿ ಮಾತ್ರ ತೆಗೆದುಹಾಕಿ, ಅಚ್ಚಿನಲ್ಲಿ ಅದು ಖಾಲಿ ಚೌಕವಾಗುತ್ತದೆ.

ಹಳೆಯ ವರ್ಷದ ನುಡಿ ಫೈಲುಗಳನ್ನು ಬಳಸಬೇಕಾದರೆ ಪರಿವರ್ತಕ ಇದೆ, ಆದರೆ ಅದಕ್ಕೆ ಕೊಟ್ಟ ಮೇಲೆ ಮೂಲದ ಪ್ರಿಂಟು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲು ಓದಬೇಕು. ನಡುನಡುವೆ ಇಂಗ್ಲಿಷ್ ಪದ, ಇಮೇಲ್ ವಿಳಾಸ, ಗಣಿತದ ಚಿಹ್ನೆ ಇದ್ದರೆ ಅವೂ ಕನ್ನಡವೆಂದು ತಿಳಿದು ಪರಿವರ್ತಕ ಅರ್ಥವಿಲ್ಲದ ಅಕ್ಷರ ಸುರಿಯುತ್ತದೆ. ಅರ್ಕಾವತ್ತಿನ ಜಾಗವನ್ನೂ ವಿಶೇಷವಾಗಿ ನೋಡಿ.

ಯುನಿಕೋಡಿನಲ್ಲೂ ಎರಡು ಸಣ್ಣ ಉಪಾಯ ಬೇಕಾಗುತ್ತದೆ. "ರ‍್ಯಾಂಕ್" ಎಂದು ಬರೆಯಲು ಹೋದರೆ "ರ್ಯಾಂಕ್" ಆಗಿ ಅರ್ಕಾವತ್ತು ಬಂದುಬಿಡುತ್ತದೆ. ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಹಾಕಿದರೆ ಸರಿಹೋಗುತ್ತದೆ. "ಪೆನ್‌ಡ್ರೈವ್" ಎಂಬಲ್ಲಿ ನ್ ಮತ್ತು ಡ ಸೇರಿ ಒತ್ತಾಗದಂತೆ ತಡೆಯಲು ಇನ್ನೊಂದು ಕಾಣದ ಸಂಕೇತ, ಬಿಡಿಸುವುದು. ಇವೆರಡಕ್ಕೂ ಕೀ ಹುಡುಕುತ್ತ ಕೂರುವ ಬದಲು ಸರಿಯಾಗಿ ಬರೆದ ಹತ್ತಿಪ್ಪತ್ತು ಪದಗಳ ಒಂದು ಫೈಲು ಎಲ್ಲ ಕಂಪ್ಯೂಟರಿನಲ್ಲೂ ಇಟ್ಟುಕೊಂಡು ಕಾಪಿ ಮಾಡುವುದು ಸಲೀಸು.

ಫಾಂಟು ಆರಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಸ್ತ್ರೀ, ರಾಷ್ಟ್ರ, ಕರ್ತವ್ಯ, ಕ್ಷೇತ್ರ, ಜ್ಞಾನ, ಹೃದಯ, ಸ್ಥೈರ್ಯ, ತ್ರೈಮಾಸಿಕ: ಈ ಎಂಟು ಪದ ಟೈಪ್ ಮಾಡಿ ನಿಜವಾಗಿ ಬಳಸುವ ಅಳತೆಯಲ್ಲಿ ಪ್ರಿಂಟು ತೆಗೆಯಿರಿ. "ತ್ರೈ"ನಲ್ಲಿ ರ-ದ ಒತ್ತೂ ಐತ್ವದ ಚಿಹ್ನೆಯೂ ಕೆಳಗೆ ಒಂದೇ ಜಾಗಕ್ಕೆ ಬರುತ್ತವೆ. ಅಜಾಗರೂಕತೆಯಿಂದ ಮಾಡಿದ ಫಾಂಟು ಅಲ್ಲೇ ಸಿಕ್ಕಿಬೀಳುತ್ತದೆ. ನೋಟೊ ಸೆರಿಫ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ, ಶೀರ್ಷಿಕೆಗೆ ಬಲೂ ತಮ್ಮ ಉಚಿತವಾಗಿ ಸಿಗುತ್ತವೆ. ಪತ್ರಿಕೆಗೆ ಎರಡು ಫಾಂಟು ಸಾಕು. ಐದು ಫಾಂಟು ಹಾಕಿದ ಪುಟ ಮದುವೆ ಮನೆಯ ಆರ್ಕೆಸ್ಟ್ರಾ ಬೋರ್ಡಿನ ಹಾಗೆ ಕಾಣುತ್ತದೆ.

ಬೋಲ್ಡ್ ಬಗ್ಗೆ ಒಂದು ಎಚ್ಚರಿಕೆ. ಫಾಂಟಿಗೆ ನಿಜವಾದ ಬೋಲ್ಡ್ ಇಲ್ಲದಿದ್ದರೂ ವರ್ಡ್‌ನಂಥ ತಂತ್ರಾಂಶಗಳು ಗೆರೆಯನ್ನು ಸುಮ್ಮನೆ ದಪ್ಪ ಮಾಡಿ ತೋರಿಸುತ್ತವೆ. ಚಿಕ್ಕ ಅಳತೆಯಲ್ಲಿ ಅಚ್ಚಾದಾಗ ಷ-ದ ಒಳಗಿನ ಗೀಟು ಮುಚ್ಚಿ ಪ-ದಂತೆ ಕಾಣುತ್ತದೆ, ಧ ಮತ್ತು ಥ ಒಂದಾಗುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇಟ್ಟರೆ ಇನ್ನೂ ಕಷ್ಟ. ಶಾಯಿ ಹರಡಿ ಒಳಗಿನ ಸಂದುಗಳು ತುಂಬಿಕೊಳ್ಳುತ್ತವೆ. ಅಂಥ ಕಡೆ 12 ಪಾಯಿಂಟಿಗಿಂತ ಕೆಳಗೆ ಹೋಗಬೇಡಿ.

ಪುಟ ಕಟ್ಟುವುದು

ಸ್ಕ್ರೈಬಸ್ಸಿನಲ್ಲಿ ಹೊಸ ಫೈಲು ತೆರೆಯುವಾಗಲೇ ಅಳತೆ ಕೊಡಬೇಕು: ಎ4, ಡಬಲ್ ಸೈಡೆಡ್, ಮೊದಲ ಪುಟ ಬಲಗಡೆ, 8 ಪುಟ, ಎಡಬಲ ಮಾರ್ಜಿನ್ 15 ಮಿ.ಮೀ., ಮೇಲೆಕೆಳಗೆ 20, ಬ್ಲೀಡ್ (ಕತ್ತರಿಸುವ ಅಂಚಿನಾಚೆಗೂ ಬಣ್ಣ ಹರಡುವ ಜಾಗ) ನಾಲ್ಕೂ ಕಡೆ 3 ಮಿ.ಮೀ. ಎರಡು ಕಾಲಂ, ನಡುವೆ 6 ಮಿ.ಮೀ. ಜಾಗ. 210ರಲ್ಲಿ 30 ಮತ್ತು 6 ಕಳೆದು ಭಾಗಿಸಿದರೆ ಪ್ರತಿ ಕಾಲಂ 87 ಮಿ.ಮೀ. ದಿನಪತ್ರಿಕೆಯಂತೆ ಕಾಣಲೆಂದು ಮೂರು ಕಾಲಂ ಮಾಡುವ ಆಸೆ ಮಕ್ಕಳಿಗೆ ಬರುತ್ತದೆ. ಆಗ ಕಾಲಂ 56 ಮಿ.ಮೀ.ಗೆ ಇಳಿಯುತ್ತದೆ, "ಮಾಡಬೇಕಾಗಿರುವುದರಿಂದ" ಎಂಬ ಒಂದೇ ಪದ ಅರ್ಧಕ್ಕಿಂತ ಹೆಚ್ಚು ಸಾಲು ತಿನ್ನುತ್ತದೆ. ಎರಡೂ ಅಂಚು ಸಮ ಮಾಡಿದರೆ ಉಳಿದ ಎರಡು ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ. ಕನ್ನಡ ಪದಗಳು ಉದ್ದ. ಕಾಲಂ ಅಗಲವಾಗಿರಲಿ, ಇಲ್ಲವಾದರೆ ಬಲ ಅಂಚನ್ನು ಹಾಗೇ ಬಿಡಿ.

ಸಾಲುಗಳ ಅಂತರದಲ್ಲೂ ಇಂಗ್ಲಿಷಿನ ಲೆಕ್ಕ ನಡೆಯದು. ಅಲ್ಲಿ ಅಕ್ಷರ 10 ಪಾಯಿಂಟಾದರೆ ಸಾಲಿನಿಂದ ಸಾಲಿಗೆ 12 ಸಾಕು, ಬಹುತೇಕ ತಂತ್ರಾಂಶಗಳ ಆಟೋ ಲೆಕ್ಕವೂ ಅದೇ 120 ಶೇಕಡಾ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, "ಶಾಸ್ತ್ರ"ದಂಥ ಪದದಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. 120 ಶೇಕಡಾದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲು ಕೊಡಿ. ಆಟೋ ಬಿಟ್ಟು ಸ್ಥಿರ ಅಂತರ ಹಾಕಿ. ಇಲ್ಲದಿದ್ದರೆ ಸಾಲಿನ ನಡುವೆ ಒಂದೇ ಒಂದು ದೊಡ್ಡ ಅಕ್ಷರವಿದ್ದರೂ ಆ ಸಾಲು ಮಾತ್ರ ಕೆಳಗೆ ಜಾರಿ, ಪಕ್ಕದ ಕಾಲಮ್ಮಿನ ಸಾಲುಗಳ ಜೊತೆ ಹೊಂದುವುದಿಲ್ಲ.

ಈ ಲೆಕ್ಕ ಬರೆಯುವವರಿಗೂ ಉಪಯೋಗ. 16 ಪಾಯಿಂಟ್ ಎಂದರೆ 5.64 ಮಿ.ಮೀ. (72 ಪಾಯಿಂಟಿಗೆ ಒಂದು ಇಂಚು). ಮಾರ್ಜಿನ್ ಬಿಟ್ಟು ಉಳಿದ 257 ಮಿ.ಮೀ.ನಲ್ಲಿ ಕಾಲಮ್ಮಿಗೆ 45 ಸಾಲು, ಪುಟಕ್ಕೆ 90. ಸಾಲಿಗೆ ನಾಲ್ಕೈದು ಪದ ಹಿಡಿದರೆ ಪುಟ ತುಂಬ ಬರೆದರೂ 400 ಪದದ ಆಸುಪಾಸು. ಶೀರ್ಷಿಕೆ, ಫೋಟೊ ಸೇರಿದರೆ 250. ಲೇಖನ ಕೇಳುವಾಗಲೇ "250 ಪದ" ಎಂದು ಹೇಳಿ. 700 ಪದ ಬಂದ ಮೇಲೆ ಅಕ್ಷರ ಕುಗ್ಗಿಸಿ ತುರುಕುವುದು ಶಾಲಾ ಸಂಚಿಕೆಗಳ ಹಳೆಯ ಚಾಳಿ.

ಪಠ್ಯದ ಚೌಕಟ್ಟಿನ ಬಲ ಕೆಳಮೂಲೆಯಲ್ಲಿ ಕೆಂಪು ಗುರುತು ಕಂಡರೆ ಒಳಗೆ ಹಿಡಿಸದ ಸಾಲುಗಳು ಇವೆ ಎಂದರ್ಥ, ಅವು ಅಚ್ಚಾಗುವುದಿಲ್ಲ. ಇನ್ನೊಂದು ಚೌಕಟ್ಟು ಎಳೆದು ಎರಡನ್ನೂ ಲಿಂಕ್ ಮಾಡಿದರೆ ಪಠ್ಯ ಅಲ್ಲಿಗೆ ಹರಿಯುತ್ತದೆ. ಶೀರ್ಷಿಕೆ, ಉಪಶೀರ್ಷಿಕೆ, ಒಳಬರಹ, ಅಡಿಬರಹ ಈ ನಾಲ್ಕಕ್ಕೂ ಸ್ಟೈಲು (ಫಾಂಟು, ಅಳತೆಗಳನ್ನು ಒಂದು ಹೆಸರಿನಲ್ಲಿ ಉಳಿಸಿಡುವುದು) ಮಾಡಿಟ್ಟುಕೊಂಡು ಅದರಿಂದಲೇ ಅಕ್ಷರ ಬದಲಿಸಿ. ಪ್ರತಿ ಪ್ಯಾರಾವನ್ನೂ ಬೇರೆ ಬೇರೆ ಆಯ್ದು ಅಳತೆ ಕೊಟ್ಟವರು ಮುಖ್ಯೋಪಾಧ್ಯಾಯರು "ಅಕ್ಷರ ಸ್ವಲ್ಪ ದೊಡ್ಡದಿರಲಿ" ಎಂದ ದಿನ ಎಂಟೂ ಪುಟ ಮತ್ತೆ ಮಾಡುತ್ತಾರೆ.

ಪತ್ರಿಕೆಯ ಹೆಸರಿನ ಅಕ್ಷರವನ್ನು ಫಾಂಟಿನಿಂದ ಎತ್ತುವುದಕ್ಕಿಂತ ಮಕ್ಕಳೇ ಬರೆಯಲಿ, ಅದಕ್ಕೆ ಈ ಸೀಮೆಯಷ್ಟು ಒಳ್ಳೆಯ ಜಾಗ ಇಲ್ಲ. ಸುಮಾರು ಕ್ರಿ.ಶ. 450ರದ್ದೆಂದು ಹೇಳುವ 16 ಸಾಲಿನ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿ ಪ್ರತಿಕೃತಿ ಇದೆ. ಅದರ ಅಕ್ಷರಕ್ಕೂ ಬೇಲೂರು, ಹಳೇಬೀಡಿನ ಹೊಯ್ಸಳ ಶಾಸನಗಳ ದುಂಡು ಅಕ್ಷರಕ್ಕೂ ನಡುವೆ ಏಳು ನೂರು ವರ್ಷದ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆದರೆ ಕೊರೆದ ಗೆರೆಗೆ ನೆರಳು ಬಿದ್ದು ಸ್ಪಷ್ಟವಾಗುತ್ತದೆ. ಕಲ್ಲಿಗೆ ಸೀಮೆಸುಣ್ಣ ಬಳಿಯುವ ಕೆಲಸ ಯಾರೂ ಮಾಡಬಾರದು. ಫೋಟೊವನ್ನು ಇಂಕ್‌ಸ್ಕೇಪಿನಲ್ಲಿ ಕೆಳಗಿಟ್ಟು, ಬೆಜಿಯರ್ ಪೆನ್ನಿನಿಂದ ಅಕ್ಷರದ ಅಂಚು ಅನುಸರಿಸಿ. ಬಿಂದುಗಳು ಆದಷ್ಟು ಕಡಿಮೆ ಇರಲಿ, ತಿರುವಿನ ತುದಿಗಳಲ್ಲಿ ಮಾತ್ರ ಇಡಿ. ದುಂಡಗಿನ ಒಂದು ಅಕ್ಷರಕ್ಕೆ ಮೂವತ್ತು ಬಿಂದು ಹಾಕಿದರೆ ಅಂಚು ನಡುಗಿದಂತೆ ಕಾಣುತ್ತದೆ.

ವಾಟ್ಸಾಪಿನಲ್ಲಿ ಬಂದ ಫೋಟೊ

ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು ಎಂಬ ಮಾತು ಎಲ್ಲರೂ ಹೇಳುತ್ತಾರೆ, ಲೆಕ್ಕ ಯಾರೂ ಮಾಡಿಸುವುದಿಲ್ಲ. ಮುಖಪುಟಕ್ಕೆ ಮುಳ್ಳಯ್ಯನಗಿರಿಯ ಉದ್ದುದ್ದ ಫೋಟೊ ಎನ್ನಿ. ಬ್ಲೀಡ್ ಸೇರಿ ಎತ್ತರ 303 ಮಿ.ಮೀ., ಅಂದರೆ ಸುಮಾರು 11.9 ಇಂಚು. ಫೋನಿನ 12 ಮೆಗಾಪಿಕ್ಸೆಲ್ ಕ್ಯಾಮೆರಾದ ಮೂಲ ಚಿತ್ರದ ಉದ್ದ 4000 ಪಿಕ್ಸೆಲ್. ಭಾಗಿಸಿದರೆ ಇಂಚಿಗೆ 335, ಧಾರಾಳ. ಅದೇ ಚಿತ್ರ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಬಂದರೆ ಉದ್ದ ಸುಮಾರು 1600 ಪಿಕ್ಸೆಲ್ಲಿಗೆ ಇಳಿದಿರುತ್ತದೆ, ಇಂಚಿಗೆ 134. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅಚ್ಚಿನಲ್ಲಿ ಹುಲ್ಲುಗಾವಲು ಮೆತ್ತಿಕೊಂಡಿರುತ್ತದೆ.

ವಾಟ್ಸಾಪಿನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಲಗತ್ತಿಸಿ, ಆಗ ಮೂಲ ಹಾಗೇ ಬರುತ್ತದೆ. ಈಗಾಗಲೇ ಕುಗ್ಗಿದ ಚಿತ್ರವನ್ನು ಗಿಂಪಿನಲ್ಲಿ 300ಕ್ಕೆ ಬದಲಿಸಿದರೆ ಸಂಖ್ಯೆ ಬದಲಾಗುತ್ತದೆ, ಕಳೆದುಹೋದ ವಿವರ ಮರಳುವುದಿಲ್ಲ. ಆ ಚಿತ್ರವನ್ನು ಒಂದು ಕಾಲಂ ಅಗಲಕ್ಕೆ ಇಳಿಸಿ ಒಳಪುಟದಲ್ಲಿ ಬಳಸಿ. 87 ಮಿ.ಮೀ. ಅಂದರೆ 3.4 ಇಂಚು, ಅಲ್ಲಿಗೆ 1600 ಪಿಕ್ಸೆಲ್ ಸಾಕಾಗಿ ಮಿಗುತ್ತದೆ. ಇಡೀ ತರಗತಿಯ ಗುಂಪು ಫೋಟೊಗೆ ಮಾತ್ರ ಈ ರಿಯಾಯಿತಿ ಕೊಡಬೇಡಿ. ತಂದೆತಾಯಿ ಹುಡುಕುವುದು ತಮ್ಮ ಮಗುವಿನ ಮುಖವನ್ನು.

ಗೂಗಲ್‌ನಿಂದ ಚಿತ್ರ ಎತ್ತುವುದು ಬೇಡ. ಸ್ವಂತ ಚಿತ್ರ ಇಲ್ಲದಿದ್ದರೆ ವಿಕಿಮೀಡಿಯ ಕಾಮನ್ಸಿನಿಂದ, ಅಲ್ಲಿನ ಷರತ್ತಿನಂತೆ ತೆಗೆದವರ ಹೆಸರು ಹಾಕಿ ಬಳಸಿ. ಮಕ್ಕಳ ಫೋಟೊಗೆ ಪೋಷಕರ ಒಪ್ಪಿಗೆ ಬರಹದಲ್ಲೇ ಇರಲಿ.

ಬಣ್ಣದ ವಿಷಯ ಚಿಕ್ಕದು. ಪರದೆಯ ಆರ್‌ಜಿಬಿ ಬೆಳಕಿನ ಬಣ್ಣ, ಅಚ್ಚಿನ ಸಿಎಂವೈಕೆ ಶಾಯಿಯ ಬಣ್ಣ. ಪರದೆಯ ಗಿಳಿಹಸಿರು, ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗುತ್ತವೆ, ಅದಕ್ಕೆ ಪ್ರೆಸ್ಸಿನವರನ್ನು ಬೈದು ಫಲವಿಲ್ಲ. ಒಳಬರಹದ ಕಪ್ಪು ಶುದ್ಧ 100 ಶೇಕಡಾ ಕಪ್ಪು ಶಾಯಿಯೇ ಆಗಿರಲಿ. ಬೇರೆ ಕಡೆಯಿಂದ ತಂದ ಪಠ್ಯದಲ್ಲಿ ಆರ್‌ಜಿಬಿ ಕಪ್ಪು ಉಳಿದಿದ್ದರೆ ಅದು ನಾಲ್ಕೂ ಶಾಯಿಯಾಗಿ ಒಡೆಯುತ್ತದೆ. ಕಾಗದ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಸುತ್ತ ಕೆಂಪು, ನೀಲಿ ನೆರಳು ಬೀಳುತ್ತದೆ.

ವಾರ್ಷಿಕೋತ್ಸವಕ್ಕೆ ಬ್ಯಾನರನ್ನೂ ಇದೇ ತಂಡ ಮಾಡುವುದಾದರೆ ಅಳತೆ ಬೇರೆ. 6 ಅಡಿ ಅಗಲಕ್ಕೆ ಇಂಚಿಗೆ 72 ಪಿಕ್ಸೆಲ್ ಸಾಕು, ಒಟ್ಟು 5184. ಅಕ್ಷರಕ್ಕೆ ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರದ ಲೆಕ್ಕ. ಮೈದಾನದಲ್ಲಿ 30 ಅಡಿಯಿಂದ ಓದಬೇಕಾದ್ದು 3 ಇಂಚಿಗೆ ಕಡಿಮೆ ಇರಬಾರದು. ಹಗ್ಗ ಕಟ್ಟುವ ರಿಂಗಿಗೆ ಸುತ್ತ 2 ಇಂಚು ಖಾಲಿ ಬಿಡಿ. ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿದೆ, ಆದ್ದರಿಂದ ಬಟ್ಟೆಯ ಮೇಲೇ ಮಾಡಿಸಿ.

ಕರಡು ತಿದ್ದುವುದು

ಪರದೆಯ ಮೇಲೆ ಓದಿದ್ದು ಓದಿದಂತಲ್ಲ. ಪ್ರಿಂಟು ತೆಗೆದು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲ ನೋಡಬೇಕು. ನಮ್ಮ ಬೋರ್ಡು, ಬ್ಯಾನರುಗಳಲ್ಲಿ ಪದೇಪದೇ ಕಾಣುವ ತಪ್ಪುಗಳ ಪಟ್ಟಿ ಗೋಡೆಗೆ ಅಂಟಿಸಿ: "ಶುಭಾಷಯ" ಎಂದಿದ್ದರೆ "ಶುಭಾಶಯ", "ಹಾರ್ಧಿಕ" ಎಂದಿದ್ದರೆ "ಹಾರ್ದಿಕ", "ಅಭಿವೃದ್ದಿ" ಎಂದಿದ್ದರೆ "ಅಭಿವೃದ್ಧಿ", "ಆರ್ಶೀವಾದ" ಎಂದಿದ್ದರೆ "ಆಶೀರ್ವಾದ". ಕೊನೆಯದು ಅರ್ಕಾವತ್ತಿನ ಗೊಂದಲ. ಅಕ್ಷರದ ನಂತರ ಕಾಣುವುದನ್ನು ಯುನಿಕೋಡಿನಲ್ಲಿ ಮೊದಲು ಒತ್ತಬೇಕಾದ್ದರಿಂದ ಹೊಸಬರಿಗೆ ಅದು ಯಾವ ಅಕ್ಷರಕ್ಕೆ ಸೇರಿದ್ದು ಎಂದು ತಪ್ಪುತ್ತದೆ.

ಕಣ್ಣಿಗೆ ಕಾಣದ ತಪ್ಪುಗಳೂ ಇವೆ. ಅನುಸ್ವಾರದ ಸೊನ್ನೆಯ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿ "ಬ೦ದ" ಎಂದು ಬರೆಯುವುದು, ಅರ್ಕಾವತ್ತಿಗೆ ಕನ್ನಡ ಅಂಕಿ ಒಂಬತ್ತು ಒತ್ತಿ "ಕತ೯ವ್ಯ" ಎಂದು ಬರೆಯುವುದು, "ದಿನಾಂಕ" ಆದ ಮೇಲೆ ಎರಡು ಚುಕ್ಕೆಯ ಬದಲು ವಿಸರ್ಗ ಹಾಕುವುದು. ಮೊದಲೆರಡನ್ನು ಓದಿ ಹಿಡಿಯುವುದು ಕಷ್ಟ. ಹುಡುಕುವ ಪೆಟ್ಟಿಗೆಗೆ ೦ ಮತ್ತು ೯ ಹಾಕಿ ಒಂದೊಂದಾಗಿ ನೋಡಿ, ನಿಜವಾದ ಅಂಕಿಯಿದ್ದ ಕಡೆ ಬಿಟ್ಟು ಉಳಿದವನ್ನು ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಗುಂಡಿ ಒತ್ತಿದರೆ ಕನ್ನಡ ಅಂಕಿಯಲ್ಲಿರುವ ಇಸವಿಗಳೂ ಹೋಗುತ್ತವೆ.

ಕರಡು ತಿದ್ದುವವರು ಆ ಪುಟ ಕಟ್ಟಿದವರೇ ಆಗಿರಬಾರದು. ಹೆಸರುಗಳನ್ನು, ಅದರಲ್ಲೂ ಬಹುಮಾನ ಪಡೆದ ಮಕ್ಕಳ ಹೆಸರುಗಳನ್ನು, ಹಾಜರಿ ಪುಸ್ತಕದ ಜೊತೆ ಹೋಲಿಸಿ.

ಪ್ರೆಸ್ಸಿಗೆ ಕೊಡುವುದು

ಸ್ಕ್ರೈಬಸ್ ಪಿಡಿಎಫ್ ಮಾಡುವ ಮುನ್ನ ತಾನೇ ತಪಾಸಣೆ ಮಾಡಿ ತುಂಬಿ ಹರಿದ ಚೌಕಟ್ಟು, ಕಳೆದ ಚಿತ್ರ, ಕಡಿಮೆ ಪಿಕ್ಸೆಲ್ಲಿನ ಫೋಟೊ ತೋರಿಸುತ್ತದೆ. ಅದನ್ನು ಕಡೆಗಣಿಸಿ ಮುಂದೆ ಹೋಗುವ ಗುಂಡಿಯೂ ಪಕ್ಕದಲ್ಲೇ ಇದೆ, ಮುಟ್ಟಬೇಡಿ. ಫಾಂಟುಗಳನ್ನು ಒಳಗೆ ಸೇರಿಸುವ ಆಯ್ಕೆ, 3 ಮಿ.ಮೀ. ಬ್ಲೀಡ್, ಕತ್ತರಿಸುವ ಗುರುತು ಮೂರೂ ಇರಲಿ. ಬ್ಲೀಡ್ ಯಾಕೆಂದರೆ, ಕಟಿಂಗ್ ಯಂತ್ರ ಕಟ್ಟುಕಟ್ಟಾಗಿ ಕತ್ತರಿಸುವಾಗ ಹಾಳೆ ಒಂದು ಮಿಲಿಮೀಟರು ಸರಿದರೂ ಬಣ್ಣ ಅಂಚಿನವರೆಗೆ ಹೋಗಿರದ ಕಡೆ ಬಿಳಿ ಗೆರೆ ಉಳಿಯುತ್ತದೆ. ಇದೇ ಕಾರಣಕ್ಕೆ ಪುಟಸಂಖ್ಯೆಯನ್ನು ಅಂಚಿನಿಂದ 5 ಮಿ.ಮೀ.ಗಿಂತ ಹತ್ತಿರ ಇಡಬಾರದು. ಆ ಪಿಡಿಎಫನ್ನು ನಿಮ್ಮ ಕನ್ನಡ ಫಾಂಟುಗಳಿಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಎಂಟೂ ಪುಟ ನೋಡಿ.

ಆಫ್‌ಸೆಟ್ಟಿನಲ್ಲಿ ಪ್ಲೇಟಿನ (ಅಚ್ಚು ಒತ್ತುವ ಲೋಹದ ತಗಡಿನ) ಖರ್ಚು ನೂರು ಪ್ರತಿಗೂ ಸಾವಿರಕ್ಕೂ ಒಂದೇ, ಪ್ರತಿ ಹೆಚ್ಚಿದಷ್ಟೂ ತಲಾ ಬೆಲೆ ಇಳಿಯುತ್ತದೆ. ಡಿಜಿಟಲ್ಲಿನಲ್ಲಿ ಪ್ಲೇಟೇ ಇಲ್ಲ. ಇನ್ನೂರು ಮುನ್ನೂರರ ಒಳಗಾದರೆ ಸಾಮಾನ್ಯವಾಗಿ ಡಿಜಿಟಲ್ ಅಗ್ಗ, ಆದರೂ ಎರಡಕ್ಕೂ ದರ ಕೇಳಿ. ಒಳಪುಟಕ್ಕೆ 80 ಅಥವಾ 90 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾಗದ ಕೇಳಿ. 70ರ ಜೆರಾಕ್ಸ್ ಹಾಳೆಯಲ್ಲಿ ಹಿಂಬದಿಯ ಫೋಟೊ ಈಚೆಗೆ ಕಾಣುತ್ತದೆ. ಪಿಡಿಎಫ್ ಜೊತೆ ನಿಮ್ಮ ಮಡಚಿದ ಡಮ್ಮಿಯನ್ನೂ ಕೊಡಿ. ಕೊನೇ ಗಳಿಗೆಯ ತಿದ್ದುಪಡಿಯನ್ನು ಅಂಗಡಿಯಲ್ಲೇ ಮಾಡಿಸಬೇಡಿ, ಅವರು ಆ ಸಾಲನ್ನು ಆನ್ಸಿ ಫಾಂಟಿನಲ್ಲಿ ಮತ್ತೆ ಟೈಪ್ ಮಾಡಿ ಮೇಲೆ ಅಂಟಿಸುವ ಸಾಧ್ಯತೆಯೇ ಹೆಚ್ಚು. ನಿಮ್ಮ ಫೈಲಿನಲ್ಲಿ ತಿದ್ದಿ ಹೊಸ ಪಿಡಿಎಫ್ ಕೊಡಿ, ಹಳೆಯದನ್ನು ಅವರ ಎದುರಿಗೇ ಅಳಿಸಿ.

ಎಲ್ಲ ಪ್ರತಿ ಅಚ್ಚಾಗುವ ಮುನ್ನ ಒಂದು ಪ್ರತಿ ಮಡಚಿ ಕೊಡಲು ಕೇಳಿ. ಪುಟಗಳ ಕ್ರಮ, 4–5ರ ಚಿತ್ರ ಮಡಿಕೆಯಲ್ಲಿ ಹೊಂದಿದೆಯೇ, ಪಿನ್ ಅಕ್ಷರದ ಮೇಲೆ ಬಿದ್ದಿದೆಯೇ, ಅಂಚಿನಲ್ಲಿ ಬಿಳಿ ಗೆರೆ ಇದೆಯೇ ಎಂದಷ್ಟು ನೋಡಿದರೆ ಸಾಕು. ಕೆಲಸ ಮುಗಿದ ದಿನವೇ ಸ್ಕ್ರೈಬಸ್ಸಿನ ಫೈಲ್ ಮೆನುವಿನ ಕಲೆಕ್ಟ್ ಫಾರ್ ಔಟ್‌ಪುಟ್ ಬಳಸಿ ಪುಟ, ಚಿತ್ರ, ಫಾಂಟು ಎಲ್ಲವನ್ನೂ ಒಂದೇ ಫೋಲ್ಡರಿಗೆ ಸೇರಿಸಿ, ಶಾಲೆಯ ಎರಡು ಕಂಪ್ಯೂಟರಿನಲ್ಲಿ ಇಡಿ. ಬರೀ ಪುಟದ ಫೈಲನ್ನು ಮಾತ್ರ ಇಟ್ಟರೆ ಮುಂದಿನ ವರ್ಷ ತೆರೆದವರಿಗೆ ಚಿತ್ರವಿದ್ದ ಚೌಕಟ್ಟುಗಳೆಲ್ಲ ಖಾಲಿ ಸಿಗುತ್ತವೆ, ಏಕೆಂದರೆ ಸ್ಕ್ರೈಬಸ್ ಚಿತ್ರವನ್ನು ಫೈಲಿನೊಳಗೆ ಇಟ್ಟುಕೊಳ್ಳುವುದಿಲ್ಲ, ಅದು ಇರುವ ಜಾಗದ ವಿಳಾಸವನ್ನಷ್ಟೇ ಬರೆದುಕೊಂಡಿರುತ್ತದೆ.